ಎಂಟು ಬಾಲದ ಚೀಟಿ

ನಮ್ಮ ಕಡೆ ಗುಮಾಸ್ತನೆಂದರೆ ಒಬ್ಬ ಮನುಷ್ಯ,
ಮೂಗಿನ ತುದಿಗೆ ಚಾಳೀಸು, ಕಿವಿಯ ಸಂದಿಗೆ ಪೆನ್ಸಿಲು.
ಪುಣೆಯಲ್ಲಿ ಅದೊಂದು ಕಾಗದ,
ಅಂಗಡಿ ತೆರೆಯುವವರೆಲ್ಲ ಪಡೆಯಬೇಕಾದ ಪರವಾನಗಿ.
ನಾನೂ ಪಡೆದೆ. ಧಂದೆಯ ಸ್ವರೂಪ: ಇಂಗ್ಲಿಷ್ ಶಿಕವಣಿ.
ಹೆಸರು: ಶಾಂಭವಿ ಗುಳೇದಗುಡ್ಡ.
ಅದನ್ನವರು ತುಂಡು ಮಾಡಿ ಬರೆದಿದ್ದಾರೆ,
ಗುಳೆ ಒಂದು ಕಡೆ, ಗುಡ್ಡ ಒಂದು ಕಡೆ.
ತಿದ್ದಿಸಲಿಲ್ಲ. ತಪ್ಪೇನೂ ಕಾಣಲಿಲ್ಲ.

ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದೆ,
ಪಕ್ಕದಲ್ಲಿ ನೂರಿಪ್ಪತ್ತು ತಾಸಿನ ತರಬೇತಿಯ ಸರ್ಟಿಫಿಕೇಟು.
ಎದುರಿಗೆ ಎರಡು ಕುರ್ಚಿ. ಒಂದು ನನ್ನದು.
ಇನ್ನೊಂದರಲ್ಲಿ ಮೂರು ವಾರ
ಮಡಚದ ಬಟ್ಟೆ ಕೂತು ಪಾಠ ಕೇಳಿತು.

ಕೊಂಢವಾದ ಕಂಬಕಂಬಕ್ಕೂ ಚೀಟಿ ಅಂಟಿಸಿದೆ.
ಅಡಿಯಲ್ಲಿ ಕತ್ತರಿಸಿದ ಎಂಟು ಬಾಲ, ಬಾಲಕ್ಕೊಂದು ನನ್ನ ನಂಬರು.
ಸಂಜೆ ಎಣಿಸುತ್ತ ಹೋಗುವೆ, ದನ ಹೊಡಕೊಂಡು ಬಂದವಳ ಹಾಗೆ:
ಎಂಟು. ಎಂಟು. ಎಂಟು.
ಔಷಧಿ ಅಂಗಡಿಯ ಎದುರು ಏಳು!
ಕಳೆದ ಬಾಲ ಸಿಕ್ಕಿತು, ಭಾಜಿ ಮಾರುವವನ ಕೈಯಲ್ಲಿ.
ಬೆನ್ನಿಗೆ ಲೆಕ್ಕ: ಮೆಂತ್ಯ ಹತ್ತು, ಸಬ್ಬಸಿಗೆ ಹದಿನೈದು.
‘ಕಾಗದ್ ಚಾಂಗಲಾ ಆಹೆ, ತಾಈ’ ಅಂದ.
ಹೌದಪ್ಪ, ಚಲೋ ಕಾಗದವೇ. ರೀಮಿಗೆ ಮುನ್ನೂರೈವತ್ತು ಕೊಟ್ಟಿದ್ದೇನೆ.

ಮೊದಲ ಪಾಠ ಉಚಿತ ಎಂದು ಬರೆದದ್ದು ನನ್ನದೇ ತಪ್ಪು.
ವಸಂತರಾವ್ ಢಮಢೇರೆ ಬಂದರು, ಇಸ್ತ್ರಿ ಮಾಡಿದ ಅಂಗಿ, ಹೊಸ ನೋಟ್‌ಬುಕ್ಕು.
ಮುಗಿಸಿ ಹೊರಡುವಾಗ ಅವರೇ ಹೇಳಿದರು:
ಈ ಭಾಗದಲ್ಲಿ ನಲವತ್ತೊಂದು ಕ್ಲಾಸಿವೆ, ನಿಮ್ಮದು ಇಪ್ಪತ್ತಾರನೆಯದು.
ನಿಜ ಹೇಳುತ್ತೇನೆ, ಅವರ ಇಂಗ್ಲಿಷ್ ಪರವಾಗಿಲ್ಲ.
ತನ್ನ ಹೆಸರು, ತನ್ನ ಊರು, ಇವತ್ತಿನ ಹವೆ,
ಇಷ್ಟನ್ನು ಅವರಷ್ಟು ನಿರರ್ಗಳ ಹೇಳುವವರು
ಲಂಡನ್ನಿನಲ್ಲೂ ಇರಲಿಕ್ಕಿಲ್ಲ.

ಅಫ್ರಾಹ್ ಬಂದದ್ದು ಚೀಟಿ ನೋಡಿ ಅಲ್ಲ,
ಕೆಳಗಿನ ಇಸ್ತ್ರಿಯವನು ಕಳಿಸಿದ.
ಯೆಮೆನ್ ದೇಶದವಳು. ತಮ್ಮನ ಬೆನ್ನುಹುರಿಯ ಚಿಕಿತ್ಸೆಗೆ
ಈ ಊರಿಗೆ ಬಂದು ಐದು ತಿಂಗಳು.
ನಾನು ಪುಸ್ತಕ ತೆರೆದೆ: ಇದು ಸೇಬು. ಅವನು ಹುಡುಗ.
ಅವಳು ಮುಚ್ಚಿದಳು, ಮೆಲ್ಲಗೆ, ಪುಸ್ತಕಕ್ಕೆ ನೋವಾಗದ ಹಾಗೆ.
ಮುರುಕು ಹಿಂದಿಯಲ್ಲಿ ಅಂದಳು:
ಡಾಕ್ಟರು ಕೇಳುತ್ತಾರೆ, ನಾನು ‘ಪೇನ್’ ಅನ್ನುತ್ತೇನೆ.
ಎಂಥ ಪೇನ್, ಅನ್ನುತ್ತಾರೆ. ಪೇನ್, ಅನ್ನುತ್ತೇನೆ.
ತಮ್ಮ ನನ್ನ ಮುಖ ನೋಡುತ್ತಾನೆ.

ನೂರಿಪ್ಪತ್ತು ತಾಸಿನಲ್ಲಿ ಯಾರೂ ಇದನ್ನು ಕಲಿಸಿರಲಿಲ್ಲ.
ಬಾಯಿಗೆ ಬಂದದ್ದೆಲ್ಲ ಅವ್ವನ ಮಾತು,
ಚುಳುಚುಳು, ದಬದಬ, ಜುಮುಜುಮು,
ಸೆಳಕು, ಉರಿ, ಮುಳ್ಳು ಮುರಿದಂತೆ, ಇರುವೆ ಹರಿದಂತೆ.
ಒಂದೊಂದನ್ನೂ ಮೈಮೇಲೆ ಮಾಡಿ ತೋರಿಸಿದೆ.
ಅವಳು ಮೇಜಿಗೆ ಬೆರಳು ಬಡಿದು ತಿದ್ದಿದಳು:
ಹಾಗಲ್ಲ. ಇನ್ನೂ ನಿಧಾನ. ಇದು ರಾತ್ರಿಯದು.
ಆಮೇಲೆ ಡಿಕ್ಷನರಿ ಬಿಚ್ಚಿ, ಮದುವೆಮನೆಯ ಬಾಗಿಲಲ್ಲಿ
ಚಪ್ಪಲಿಯ ಜೋಡಿ ಹುಡುಕುವವರ ಹಾಗೆ, ಇಬ್ಬರೂ ಹುಡುಕಿದೆವು.

ಥ್ರಾಬಿಂಗ್, ಅಂದೆ ನಾನು.
ಅವಳು ಅಂದಳು, ನಾಲಿಗೆಯ ತುದಿಯನ್ನು
ಹಲ್ಲಿನ ನಡುವೆ ಹಗುರ ಇಟ್ಟು.
ಆ ಸದ್ದು ಅವಳ ಭಾಷೆಯಲ್ಲಿ ಹುಟ್ಟಿದಾಗಿನಿಂದ ಇದೆ.
ಇಪ್ಪತ್ತು ವರ್ಷ ‘ಥ್ಯಾಂಕ್ಸ್’ ಅನ್ನುತ್ತ ಬಂದವಳು ನಾನು,
ಮತ್ತೊಮ್ಮೆ ಹೇಳು ಅಂದೆ. ಕನ್ನಡಿ ತಂದೆ.

ತಾಸಿಗೆ ಮುನ್ನೂರು. ಎಣಿಸಿ ಮೇಜಿನ ಮೇಲಿಟ್ಟಳು.
ಯಾರು ಯಾರಿಗೆ ಕೊಡಬೇಕು, ಗೊತ್ತಾಗಲಿಲ್ಲ.
ತಗೊಂಡೆ. ಐದನೇ ತಾರೀಖು ಬಾಡಿಗೆ.

ಗುರುವಾರ ಆಸ್ಪತ್ರೆಯಿಂದ ಒಂದು ಫೋನು.
ಪಕ್ಕದ ಹಾಸಿಗೆಯ ಸುಡಾನಿನ ಮುದುಕಿಯ ಮಗನಂತೆ.
‘ನೋವು ಕಲಿಸುವ ಟೀಚರು ನೀವೇನಾ?’
ಹೌದು, ಅಂದೆ. ವಿಳಾಸ ಕೊಟ್ಟೆ.
ಮೊದಲ ಪಾಠ ಉಚಿತವೆಂದು ಹೇಳಲಿಲ್ಲ.