ಕ್ಯುವೆಟ್ ತೊಳೆಯುವವಳು

ಕೊಯಿಂಬ್ರಾದ ಗುಡ್ಡದ ಮೇಲೆ, ರಸಾಯನ ವಿಭಾಗದ ನೆಲಮಾಳಿಗೆಯಲ್ಲಿ
ಮೂವತ್ತೊಂದು ವರ್ಷದಿಂದ ಗಾಜು ತೊಳೆಯುತ್ತಿದ್ದೇನೆ.
ಗಾಜಲ್ಲ, ಕ್ವಾರ್ಟ್ಸ್. ಒಂದು ಒಡೆದರೆ ನನ್ನ ಅರ್ಧ ತಿಂಗಳ ಸಂಬಳ.
ಬೆರಳಚ್ಚು ಉಳಿದರೆ ಬೆಳಕು ಎಡವುತ್ತದಂತೆ,
ಅದಕ್ಕೇ ಅಂಚು ಹಿಡಿದು ಎತ್ತುತ್ತೇನೆ,
ಹಸುಗೂಸಿನ ಕಿವಿ ಒರೆಸುವಷ್ಟು ಮೆಲ್ಲಗೆ.

ಬೆಂಜೋಫಿನೋನಿನ ಡಬ್ಬಿ ತೆರೆದರೆ ಜೆರೇನಿಯಂ ಹೂವಿನ ವಾಸನೆ.
ಎರಡು ಉಂಗುರ, ನಡುವೆ ಒಂದು ಇಂಗಾಲ,
ಅದರ ನೆತ್ತಿಯ ಮೇಲೊಂದು ಆಮ್ಲಜನಕ:
ಕರಿಹಲಗೆಯ ಮೇಲೆ ನೋಡಿ ನೋಡಿ ಬಾಯಿಪಾಠ.
ಕತ್ತಲಲ್ಲಿ ಏನೂ ಮಾಡದು, ಉಪ್ಪಿನ ಹರಳಿನಂತೆ ಕೂತಿರುತ್ತದೆ.
ಲೇಸರ್ ಒಮ್ಮೆ ಮಿನುಗಿತೋ,
ಮೈಮೇಲೆ ಬಂತು.
ಎವೆ ಮುಚ್ಚುವುದರೊಳಗೆ ಕೋಟಿ ಸಲ
ಬಂದು, ಇಳಿದು, ಮುಗಿಯುವಷ್ಟು ಬೇಗ.
ಆ ಚೂರು ಹೊತ್ತು ಆಮ್ಲಜನಕಕ್ಕೆ ಬಕಾಸುರನ ಹಸಿವು:
ಹೈಡ್ರೋಜನ್ ಯಾರ ಹತ್ತಿರ ಇದೆ?

ಆಗ ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದೇ ಎಲ್ಲ.
ಬೆಂಜೀನ್ ಜಿಪುಣ, ಗಂಟು ಬಿಚ್ಚುವುದಿಲ್ಲ.
ಕಾದು ಕಾದು ತಣ್ಣಗಾಗುತ್ತದೆ ಪಾಪ, ಬಂದ ದಾರಿಗೆ ಸುಂಕವಿಲ್ಲ.
ಐಸೊಪ್ರೊಪನಾಲ್ ಮಾತ್ರ ಕೇಳುವ ಮೊದಲೇ ಕೊಡುವ ಕೈ.
ಬೆಳಗಾದರೆ ತಳದಲ್ಲಿ ಬಿಳಿ ಹರಳು,
ಎರಡೆರಡು ಅಣು ಒಂದಕ್ಕೊಂದು ಅಂಟಿಕೊಂಡು.
ಉಜ್ಜುವುದು ನಾನು.

ಅಸೋರೆಸ್ ದ್ವೀಪದ ಹುಡುಗ ಟೆಲ್ಮು ಹೊಸ ಪುಡಿ ತಂದ.
ಅದೇ ಬೆಂಜೋಫಿನೋನ್, ಒಂದು ಉಂಗುರದ ತುದಿಗೆ ಅಮೈನೋ ಗುಂಪು,
ಕಿವಿಗೆ ಓಲೆ ಸಿಕ್ಕಿಸಿದಂತೆ.
ಐಸೊಪ್ರೊಪನಾಲಿನಲ್ಲಿ ಕಲಸಿದ, ದೀಪದ ಮುಂದಿಟ್ಟ.
ಮೂರು ರಾತ್ರಿ. ಹರಳಿಲ್ಲ, ಬಣ್ಣ ಬದಲಿಲ್ಲ.
ಗಾಳಿ ಸೇರಿರಬೇಕೆಂದು ಆರ್ಗಾನ್ ಊದಿದ.
ದೀಪ ಬದಲಿಸಿದ. ಪುಡಿ ಶೋಧಿಸಿದ.
ಕೊನೆಗೆ ನನ್ನ ತೊಟ್ಟಿಯ ಹತ್ತಿರ ಬಂದು,
"ದೋನಾ ಲಿಯೊನಿಲ್ಡೆ, ಸರಿಯಾಗಿ ತೊಳೆಯುತ್ತೀರಾ?"

ನಾನು ಉತ್ತರ ಕೊಡಲಿಲ್ಲ.
ನೀರು ಜೋರಾಗಿ ಬಿಟ್ಟೆ.

ಶುಕ್ರವಾರ ಉಗ್ರಾಣಕ್ಕೆ ಬೀಗ, ಆಲ್ಕೋಹಾಲ್ ಖಾಲಿ.
ಕಪಾಟಿನಲ್ಲಿದ್ದದ್ದು ಸೈಕ್ಲೋಹೆಕ್ಸೇನ್,
ಯಾರ ತಂಟೆಗೂ ಹೋಗದ ಎಣ್ಣೆಯಂಥ ದ್ರವ.
ಬೇಜಾರಿಗೆ ಅದರಲ್ಲೇ ಕರಗಿಸಿ ಮನೆಗೆ ಹೋದ.
ಸೋಮವಾರ ನೋಡಿದರೆ, ಪುಡಿ ತಾನು ಮಾಡಬೇಕಾದದ್ದನ್ನೆಲ್ಲ ಮಾಡಿ ಮುಗಿಸಿದೆ.

ಮಧ್ಯಾಹ್ನ ತೊಟ್ಟಿಯ ಕಟ್ಟೆಗೆ ಒರಗಿ ವಿವರಿಸಿದ.
ಆಲ್ಕೋಹಾಲಿನಲ್ಲಿ ಬೆಳಕು ಬಿದ್ದೊಡನೆ
ಓಲೆಯ ಕಡೆಯ ಎಲೆಕ್ಟ್ರಾನು ಆಮ್ಲಜನಕದ ಕಡೆಗೆ ಸರಿಯುತ್ತದೆ.
ಸುತ್ತಲ ಅಣುಗಳು ಮುಖ ತಿರುಗಿಸಿ, ಒತ್ತರಿಸಿ, ಅದನ್ನು ಅಲ್ಲೇ ಹಿಡಿದು ಸಾಕುತ್ತವೆ.
ಹೊಟ್ಟೆ ತುಂಬಿದವನು ಯಾರ ಜೇಬಿಗೆ ಕೈ ಹಾಕಿಯಾನು?
ಸಹವಾಸದಿಂದ ಸನ್ಯಾಸಿ ಕೆಟ್ಟ ಅಂತಾರೆ.
ಇಲ್ಲಿ ಆಲ್ಕೋಹಾಲಿನ ಸಹವಾಸದಲ್ಲಿ ಕಳ್ಳ ಸನ್ಯಾಸಿಯಾಗಿದ್ದ.

ನನಗೆ ಇದಲೀನಾ ನೆನಪಾದಳು, ನನ್ನ ತಂಗಿ.
ಗಂಡನ ಮನೆಯವರು ಅಂಗೈಯಲ್ಲಿಟ್ಟು ನೋಡಿಕೊಂಡರು,
ಸುಳ್ಳು ಹೇಳಬಾರದು, ಚಿನ್ನದಂಥ ಜನ.
ಆರು ವರ್ಷ ಅವಳ ದನಿ ಏರಿದ್ದನ್ನು ಯಾರೂ ಕೇಳಲಿಲ್ಲ.
ಅವರ ಅಂಗಡಿ ಮುಳುಗಿ, ಮಾಟೊಸೀನ್ಯೂಶ್‌ನ
ಮೀನು ಡಬ್ಬಿಯ ಕಾರ್ಖಾನೆಗೆ ಕೆಲಸಕ್ಕೆ ಹೋದಳು.
ಬೂತಾಯಿಯ ತಲೆ ಕತ್ತರಿಸುವ ಸಾಲು,
ಹೆಸರು ಕೂಡ ಕೇಳದ ಹೆಂಗಸರು.
ಎಂಟನೇ ತಿಂಗಳಿಗೆ ಬೆಲ್ಟ್ ನಿಲ್ಲಿಸಿ, ಕತ್ತಿ ಕೆಳಗಿಟ್ಟು,
ಮುಷ್ಕರಕ್ಕೆ ಮೊದಲು ಕೂಗಿದವಳು ಅವಳೇ.
ಮುಷ್ಕರ ಅಂದರೆ ಜೈಲು ಅನ್ನುವ ಕಾಲ ಅದು.
"ಎಲ್ಲಿತ್ತೇ ಇದು ನಿನ್ನೊಳಗೆ?" ಅಮ್ಮ ಕೇಳಿದ್ದಳು.

ಟೆಲ್ಮುವಿಗೆ ಇದನ್ನು ಹೇಳಲಿಲ್ಲ. ಅವನು ಗ್ರಾಫ್ ತೋರಿಸುತ್ತಿದ್ದ.
ತಪ್ಪಾಯಿತು ಅನ್ನಲೂ ಇಲ್ಲ. ಬದಲಿಗೆ
ತನ್ನ ಕ್ಯುವೆಟ್ಟನ್ನು ತಾನೇ ತೊಳೆದ,
ಮೂರು ಸಲ ಅಸಿಟೋನ್, ಬಟ್ಟೆಗೆ ತಲೆಕೆಳಗು,
ನಾನು ಮಾಡುವ ಹಾಗೇ, ಕಣ್ಣಂಚಿನಲ್ಲಿ ನನ್ನನ್ನು ನೋಡುತ್ತ.

ಹೋದ ಮೇಲೆ ದೀಪಕ್ಕೆ ಹಿಡಿದು ನೋಡಿದೆ.
ನಟ್ಟನಡುವೆ ಅವನ ಹೆಬ್ಬೆರಳು.
ಮತ್ತೆ ತೊಳೆದಿಟ್ಟೆ.