ಕೊನೆಯ ಮುಚ್ಚಳ

ಗಲಾತ್ಸಿ ಊರು, ಜನವರಿ.
ಡ್ಯಾನ್ಯೂಬಿನ ಮೇಲೆ ತೇಲುವ ಮಂಜುಗಡ್ಡೆ,
ಉಕ್ಕಿನ ಕಾರ್ಖಾನೆಯ ಹೊಗೆಗೆ
ಎತ್ತ ಹೋಗಲೂ ಮನಸ್ಸಿಲ್ಲ.
ನಾವು ಐವರು, ಎರಡು ಕಟ್ಟಡ, ನಾಲ್ಕು ಕಂಪ್ಯೂಟರ್;
ಅವಳಿಗಳಾದ ಸಾಂಡು, ಸಿಲ್ವಿಯುಗೆ ಸೇರಿ ಒಂದೇ,
ಒಬ್ಬ ಓಡುತ್ತಾನೆ, ಇನ್ನೊಬ್ಬ ಗುಂಡು ಹಾರಿಸುತ್ತಾನೆ,
ಕೀಬೋರ್ಡಿನ ಎಡಬಲ ಹಂಚಿಕೊಂಡು.

ಎಂಬತ್ತು ಮೀಟರ್ ಕಪ್ಪು ಕೇಬಲ್,
ಪೆನ್ಸಿಲಿನಷ್ಟು ದಪ್ಪ,
ಪೆಟ್ರುತ್ಸನ ಮಾವ ಹಡಗುಕಟ್ಟೆಯಿಂದ ತಂದದ್ದು.
ಹೇಗೆ ತಂದ ಅಂತ ಕೇಳಲಿಲ್ಲ ಯಾರೂ.
ಗಾಳದ ದಾರಕ್ಕೆ ಆಲೂಗಡ್ಡೆ ಕಟ್ಟಿ
ಏಳನೇ ಮಹಡಿಯಿಂದ ಎದುರು ಕಟ್ಟಡಕ್ಕೆ ಎಸೆದೆವು.
ಮೊದಲನೆಯದು ಜಹಾರಿಯಾ ಅವರ ಗಾಜಿಗೆ.
ಎರಡನೆಯದನ್ನು ನಾಯಿ ಒಯ್ದಿತು.
ಮೂರನೆಯದು ಸಿಕ್ಕಿತು, ಸಿಲ್ವಿಯುನ ಹಣೆಗೆ.

ಎಲ್ಲರ ಮನೆ ಹೊಕ್ಕು ಹೊರಡುವುದು ಒಂದೇ ದಾರ,
ಜಪಮಾಲೆ ಪೋಣಿಸಿದ ಹಾಗೆ;
ಒಂದು ಮಣಿ ಕಳಚಿದರೆ ಸಾಕು,
ಜಪವೇ ನಿಂತಿತು.

ಆಮೇಲೆ ನಂಬರಿನ ಜಗಳ.
ಅಣ್ಣ ಹೋರಿಯಾಗೂ ಏಳು ಬೇಕು, ಪೆಟ್ರುತ್ಸನಿಗೂ ಏಳೇ.
ಇಬ್ಬರೂ ಹಟ ಹಿಡಿದು ಅದನ್ನೇ ಒತ್ತಿದರು.
ಎರಡು ಯಂತ್ರಗಳೂ ಮುಖ ಕಪ್ಪಿಟ್ಟುಕೊಂಡು
ಒಂದನ್ನೊಂದು ದೂರಿದವು.
ನಾನು, ಇಲಿಂಕಾ, ಹದಿನಾಲ್ಕು ವರ್ಷದವಳು,
ಏಳನ್ನು ಯಾರಿಗೂ ಕೊಡದೆ ನಾನೇ ಇಟ್ಟುಕೊಂಡೆ.

ಆದರೂ ಮಾತಾಡಲಿಲ್ಲ ಅದು.
ನಾಲ್ಕು ಸಲ ಕೂಗಿದೆವು, ನಾಲ್ಕೂ ಕಳೆದುಹೋದವು.
ಮತ್ತೆ ನಾಲ್ಕು.
ಒಂದು ಸಲ ಒಂದು ಉತ್ತರ ಬಂತು,
ಬಂದದ್ದೇ ತಪ್ಪಾಯಿತೆಂಬಂತೆ
ಮತ್ತೆ ಬರಲಿಲ್ಲ.

ಐದನೇ ಮಹಡಿಯ ಲುಕ್ರೆತ್ಸಿಯಾ ಅತ್ತೆಯ
ಅಡುಗೆಮನೆ ಕಿಟಕಿಯ ಮೂಲಕ ಹಾಯುತ್ತಿತ್ತು ಕೇಬಲ್.
ಚಪ್ಪಲಿ ಎಳೆಯುತ್ತಾ ಮೇಲೆ ಬಂದಳು.
ನನ್ನ ಕರೆಂಟು ಕುಡಿಯುತ್ತಾ ಇದು?
ಇಲ್ಲ ಅತ್ತೆ, ಬರೀ ಮಾತು ಒಯ್ಯುತ್ತೆ.
ಯಾರ ಮಾತು?
ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.
ತುದಿಗೆ ಏನು ಕಟ್ಟಿದ್ದೀರಿ?

ಈ ತುದಿಗೊಂದು ಮುಚ್ಚಳವಿತ್ತು.
ಎರಡು ಬೇಕು ಅಂದಿದ್ದ ಅಂಗಡಿಯವನು,
ಟೋಪಿ ಹಾಕುತ್ತಿದ್ದಾನೆಂದು
ಒಂದೇ ಕೊಂಡಿದ್ದೆವು.

ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಕಬ್ಬಿಣ ಏರಿಸಿ ಕೂತವಳು ಅವಳು.
ಬರಿದು ತುದಿಯಲ್ಲಿ ಮಾತಿಗೆ ದಿಕ್ಕು ತೋಚುವುದಿಲ್ಲ, ಅಂದಳು,
ಗೋಡೆಗೆ ಬಡಿದು ತಿರುಗಿ ಓಡಿಬರುತ್ತೆ,
ಎದುರು ಬರುವ ಮಾತಿನ ಕಾಲು ತುಳಿಯುತ್ತೆ.
ಕೇಳಿಸಿಕೊಳ್ಳಲು ಯಾರೂ ಇಲ್ಲದ ಕಡೆ
ನುಂಗಿಕೊಳ್ಳಲಾದರೂ ಒಬ್ಬರು ಬೇಕು.

ಬಿಸ್ಕತ್ತಿನ ಡಬ್ಬಿ ತಂದಳು.
ಗುಂಡಿ, ಸೂಜಿ, ತುಕ್ಕು ಹಿಡಿದ ಪದಕ,
ಅಡಿಯಲ್ಲಿ ಅಕ್ಕಿಕಾಳಿನಂಥ ಪಟ್ಟೆಪಟ್ಟೆ ಬಿಡಿಭಾಗ.
ನೂರು ಓಮಿನ ಎರಡನ್ನು ಆರಿಸಿ
ಪಕ್ಕಪಕ್ಕ ಬೆಸೆದಳು.
ನೂರೂ ನೂರೂ ಸೇರಿದರೆ ಇನ್ನೂರಲ್ಲವೇ ಅತ್ತೆ?
ಒಂದರ ಹಿಂದೊಂದು ನಿಂತರೆ ಇನ್ನೂರು,
ಹೆಗಲಿಗೆ ಹೆಗಲು ಕೊಟ್ಟರೆ ಐವತ್ತು.
ಶಾಲೆಯಲ್ಲೂ ಹೇಳಿಕೊಟ್ಟಿದ್ದರು ಇದನ್ನು;
ಆ ದಿನ ನಾನು ಕಿಟಕಿ ನೋಡುತ್ತಿದ್ದೆ.

ಸುಟ್ಟ ರಾಳದ ವಾಸನೆ.
ಕೂಗಿದೆವು. ನಾಲ್ಕಕ್ಕೆ ನಾಲ್ಕೂ ಓಗೊಟ್ಟವು.

ಆ ರಾತ್ರಿ ಕತ್ತಲ ಓಣಿಗಳಲ್ಲಿ
ಹನ್ನೊಂದು ಸಲ ಸತ್ತೆ.
ಒಂಬತ್ತು ಸಲ ಕೊಂದವನು ನನ್ನ ಅಣ್ಣ,
ಗೋಡೆಯಾಚೆ ಅವನು ನಗುವುದು
ಗುಂಡಿಗಿಂತ ಮೊದಲೇ ಕೇಳುತ್ತಿತ್ತು.

ಭಾನುವಾರ, ಆಟ ಕಾವೇರಿದಾಗ,
ಯಾರದೋ ಅಜ್ಜಿ ಯಾವುದೋ ಮೇಜು ಸರಿಸಿದಳು.
ಎಲ್ಲ ಪರದೆಗಳೂ ಎತ್ತಿದ ಕಾಲು ಎತ್ತಿದಂತೆಯೇ ನಿಂತವು.
ಒಂದೊಂದೇ ಕಿಟಕಿ ತೆರೆಯಿತು,
ಸೊನ್ನೆಗಿಂತ ಹನ್ನೆರಡು ಕೆಳಗಿನ ಚಳಿಯಲ್ಲಿ
ಬನಿಯನ್ನಿನಲ್ಲೇ ತಲೆಗಳು ಹೊರಬಂದವು.
ಯಾರು ಕಿತ್ತದ್ದು? ನಾನಲ್ಲ! ಯಾರೋ ಕಿತ್ತದ್ದು?
ಜಹಾರಿಯಾ ಕೂಡ ಕೂಗಿದರು,
ಆಟಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ.

ಆಗ ಐದನೇ ಮಹಡಿಯಿಂದ ಒಂದು ದನಿ,
ನಾವೆಂದೂ ಕೇಳಿರದ ದನಿ,
ಇಸ್ತ್ರಿ ಮಾಡಿಟ್ಟ ಹಾಗೆ:
ಮೂರನೇ ಮಹಡಿ, ಎಡಗಡೆ. ಸಂಪರ್ಕ ಕಡಿದಿದೆ.
ದಯವಿಟ್ಟು ಲೈನಿನಲ್ಲೇ ಇರಿ.

ಇದ್ದೆವು.
ಬಾಯಿಂದ ಹಬೆ ಬಿಡುತ್ತಾ,
ಕಿಟಕಿಗಳಿಗೆ ಜೋತುಬಿದ್ದು,
ಅಷ್ಟೂ ಮಂದಿ.