ಉತ್ತರ ಯಾವ ಕಡೆ

ಹರಾಜಿನಲ್ಲಿ ಅದನ್ನು ಯಾರೂ ಕೂಗಲಿಲ್ಲ.
ಗುಜರಿಯವನೊಬ್ಬ ತೂಕದ ಲೆಕ್ಕ ಹೇಳಿದ,
ಅದರ ಮೇಲೆ ಎರಡು ಸಾವಿರ ಇಟ್ಟೆ.
ಹನ್ನೊಂದು ವರ್ಷ ನಾನೇ ಕೂತು ಹೋಗಿ ಬಂದ ಆಂಬ್ಯುಲೆನ್ಸು,
ಡ್ರೈವರ್ ಇಲ್ಲದ ರಾತ್ರಿ ನಾನೇ ಓಡಿಸಿದ್ದೂ ಉಂಟು
ಜಾಲಹಳ್ಳಿಯಿಂದ ರಾಯಚೂರಿಗೆ;
ಒಳಗಿದ್ದ ಒಂದು ಜೀವ
ಊರು ಮುಟ್ಟುವುದರೊಳಗೆ ಎರಡಾಗಿ,
ಒಮ್ಮೊಮ್ಮೆ ಒಂದೂ ಉಳಿಯದೆ.

ಜೂನ್ ಮೂವತ್ತಕ್ಕೆ ಕ್ವಾರ್ಟರ್ಸ್ ಬಿಡಬೇಕು.
ಮಸ್ಕಿ, ಕವಿತಾಳ, ಹಟ್ಟಿ, ಗಬ್ಬೂರು,
ಎಲ್ಲಾ ಕಡೆ ಸರ್ಕಾರದ್ದೇ ಗೋಡೆ, ಸರ್ಕಾರದ್ದೇ ಸುಣ್ಣ.
ಹಿಂದಿನವರು ಹೊಡೆದು ಹೋದ ಮೊಳೆಗೇ
ಮೂವತ್ತೈದು ಕ್ಯಾಲೆಂಡರು.

ತಂಗಿ ಮಹಾನಂದಿ ಫೋನಿನಲ್ಲಿ ಅತ್ತಳು, ಆಮೇಲೆ ಬೈದಳು:
"ಊರೂರು ತಿರುಗೋ ಮಂದೀನೂ ಈಗ
ಆಶ್ರಯ ಮನಿ ಸಿಕ್ಕು ಬಾಗಲಕ್ಕ ಬೀಗ ಹಾಕ್ಯಾರ,
ಪಿಂಚಣಿ ಬರೋ ನಿನಗೇನ ಬಂದದ ಧಾಡಿ?"
ಉತ್ತರ ಇರಲಿಲ್ಲ.
ಸ್ಟೌ ಇಡಲು ಅಳತೆ ತೆಗೆಯುತ್ತಿದ್ದೆ.

ಸ್ಟ್ರೆಚರ್ ಇದ್ದಲ್ಲಿ ಲಾಲಸಾಬ
ಪ್ಯಾಕಿಂಗ್ ಹಲಗೆಯ ಮಂಚ ಕೂಡಿಸಿದ,
ಗ್ಲೂಕೋಸ್ ಬಾಟಲಿಯ ಕೊಕ್ಕೆ ಬಿಚ್ಚಲು ಹೋದ.
ಇರಲಿ ಎಂದೆ. ಅಲ್ಲೀಗ ಉಳ್ಳಾಗಡ್ಡಿ ಚೀಲ.
"ಸಿಸ್ಟರ್, ಮೊದ್ಲ ಹತ್ತು ದಿನ ಮಲಗಿ ನೋಡ್ರಿ.
ಗಾಡಿ ನಮಗ ಒಗ್ಗಂಗಿಲ್ಲ, ನಾವು ಗಾಡಿಗೆ ಒಗ್ಗಬೇಕು."

ಮಲಗಿ ನೋಡಿದೆ. ಮೇ ತಿಂಗಳು. ರಾಯಚೂರು.
ಇಷ್ಟು ಹೇಳಿದರೆ ಈ ಕಡೆಯವರಿಗೆ ಸಾಕು.
ಮೊದಲ ರಾತ್ರಿ ತಗಡು ನನ್ನನ್ನು
ರೊಟ್ಟಿಯ ಹಾಗೆ ಎರಡೂ ಮಗ್ಗುಲು ಬೇಯಿಸಿತು.
ಎರಡನೆಯದು ಕೃಷ್ಣಾ ಸೇತುವೆಯ ಈಚೆ.
ಗಾಳಿ ಬಂತು, ಶಕ್ತಿನಗರದ ಬೂದಿಯನ್ನೂ ತಂತು,
ಬೆಳಗ್ಗೆ ದಿಂಬಿನ ಮೇಲೆ
ನನ್ನ ತಲೆಯಷ್ಟು ಜಾಗ ಮಾತ್ರ ಬಿಳಿ.
ಮೂರನೆಯದು ಪೆಟ್ರೋಲ್ ಬಂಕು, ಲಾರಿಗಳ ನಡುವೆ.
ಪಾಯಖಾನೆ ಇದೆ, ಚಾವಿ ಹುಡುಗನ ಹತ್ತಿರ,
ಹುಡುಗ ನಿದ್ದೆಯ ಹತ್ತಿರ.
ಮರುದಿನ ಪೊಲೀಸಿನವ ಬ್ಯಾಟರಿ ಬಿಟ್ಟು ಕೇಳಿದ:
"ಪೇಷಂಟ್ ಎಲ್ಲಿ?"
ನಾನೇ ಎಂದೆ.
ಆರನೆಯ ರಾತ್ರಿಯದು ತಂಗಿಗೂ ಹೇಳಿಲ್ಲ.

ಗ್ಯಾಸಿನವ ವಿಳಾಸ ಕೇಳುತ್ತಾನೆ.
ಪ್ರತಿ ನವೆಂಬರ್ ಬದುಕಿದ್ದೇನೆಂದು ಬರೆದುಕೊಡುವ ಕಾಗದದಲ್ಲೂ
ಎಲ್ಲಿ ಬದುಕಿದ್ದೀರಿ ಎಂಬ ಖಾನೆ.
ಬಂದವರಿಗೆ ಒಳಗ ಬರ್ರಿ ಅನ್ನಬಹುದು,
ಕೂಡ್ರಿ ಅಂದರೆ ಅವರು ಕೂಡಬೇಕಾದ್ದು ನನ್ನ ಹಾಸಿಗೆಯ ಮೇಲೆ.
ಇದೆಲ್ಲ ಲೆಕ್ಕ. ಲೆಕ್ಕ ನನಗೆ ಬರುತ್ತದೆ,
ಪೋಲಿಯೋ ರಿಜಿಸ್ಟರಿನಲ್ಲಿ ಒಂದು ಹನಿ ತಪ್ಪಿದವಳಲ್ಲ.

ಆದರೆ ಅವ್ವ ಹೇಳಿದ್ದಳು: ಉತ್ತರಕ್ಕೆ ತಲೆ ಹಾಕಬ್ಯಾಡ.
ಮನೆಯಲ್ಲಿ ಅದು ಒಮ್ಮೆಗೇ ಮುಗಿಯುವ ಮಾತು,
ಮಂಚ ಹಾಕಿದ ದಿನ ತೀರಿತು,
ಆಮೇಲೆ ತಲೆ ತಾನೇ ಹೋಗಿ ಮಲಗುತ್ತದೆ.
ಗಾಡಿಯಲ್ಲಿ ದಿನಾ ಸಂಜೆ ಇಳಿದು ಕೇಳಬೇಕು,
ಚಹಾದವನನ್ನು, ಕುರಿಯವನನ್ನು,
ಯಾರೂ ಸಿಗದಿದ್ದರೆ ಚುಕ್ಕಿಯನ್ನು.
ತಿಳಿದ ಮೇಲೆ ತಿರುಗಿಸಬೇಕು ಗಾಡಿ, ಇಲ್ಲವೇ ದಿಂಬು.

ಹತ್ತನೆಯ ಸಂಜೆ, ಗಬ್ಬೂರು ದಾರಿ,
ಹತ್ತಿಕಟಗಿ ಕಿತ್ತ ಹೊಲದ ಬದಿ,
ಎಮ್ಮೆ ಹೊಡಕೊಂಡು ಬಂದವಳು ಕೋಲೆತ್ತಿ ತೋರಿಸಿದಳು.
ಹೋದವಳು ತಿರುಗಿ ಬಂದು "ಯಾಕ್ರಿ?" ಅಂದಳು.
ಹೇಳಿದೆ.
ಗಾಡಿಯ ಸುತ್ತ ಒಂದು ಸುತ್ತು ಬಂದಳು,
ಹೊಸ ಬಣ್ಣದ ಕೆಳಗೆ ಇಣುಕುವ ಕೆಂಪು ಗೆರೆಯ ಮೇಲೆ ಕೈಯಿಟ್ಟು
"ನನ್ನ ಮಗ ಇದರಾಗ ಹುಟ್ಯಾನ" ಎನ್ನಲಿಲ್ಲ.
ಅಂಥದ್ದೆಲ್ಲ ನಡೆಯುವುದಿಲ್ಲ.
"ನಾ ಹೆಂಗಂದ್ರ ಹಂಗ ಬೀಳ್ತೀನ್ರಿ, ಮೈ ದಣಿದಿರ್ತದ,"
ಅಂದು ಎಮ್ಮೆಯ ಹಿಂದೆ ಹೋದಳು.
ಆ ರಾತ್ರಿ ಗಾಡಿ ತಿರುಗಿಸಲಿಲ್ಲ. ನಿದ್ದೆ ಬಂತು.

ಇನ್ನು ಮೂರು ವಾರ.
ದೇವಸೂಗೂರಿನಲ್ಲಿ ಒಂದು ಕೋಣೆ ನೋಡಿ ಬಂದೆ,
ಬಾಡಿಗೆ ಕಡಿಮೆ, ಪಾಯಖಾನೆ ಒಳಗೇ.
ಮುಂಗಡ ಇನ್ನೂ ಕೊಟ್ಟಿಲ್ಲ.
ಉತ್ತರ ಯಾವ ಕಡೆ ಎಂದು ಕೇಳಿದ್ದಕ್ಕೆ
ಇಪ್ಪತ್ತು ವರ್ಷ ಅಲ್ಲೇ ಇದ್ದ ಮಾಲೀಕ
ನಾಲ್ಕೂ ಗೋಡೆ ನೋಡಿದ,
ಚಪ್ಪಲಿ ಹಾಕಿಕೊಂಡ,
ಹೊತ್ತು ಎಲ್ಲಿದೆ ನೋಡಲು ಅಂಗಳಕ್ಕೆ ಹೋದ.